ಗ್ಯಾರೇಜಿನ ಉಕ್ಕಿನ ಬಾಗಿಲಿಗೆ ಉಷ್ಣನಿರೋಧಕ: ದಪ್ಪಕ್ಕಿಂತ ಬಿಗಿ ಮುಖ್ಯ

ಅಮೆರಿಕದ ಮಿಷಿಗನ್, ಒಹಾಯೊ, ಮಿನೆಸೋಟದಂತಹ ರಾಜ್ಯಗಳಲ್ಲಿ ಮನೆಗೆ ಅಂಟಿಕೊಂಡ ಗ್ಯಾರೇಜನ್ನೇ ಮರಗೆಲಸದ ಕೋಣೆಯಾಗಿ ಮಾಡಿಕೊಂಡವರಿಗೆ ನವೆಂಬರಿನಿಂದ ಮಾರ್ಚಿನವರೆಗೆ ಎದುರಾಗುವ ತೊಂದರೆ ಒಂದೇ ಬಗೆಯದು: ಹೀಟರು ಎಡೆಬಿಡದೆ ಉರಿಯುತ್ತಿದ್ದರೂ ಕೆಲಸದ ಮೇಜಿನ ಬಳಿ ಬೆಚ್ಚಗಾಗುವುದಿಲ್ಲ. ಇದು ಕೇವಲ ಮೈಯ ಸುಖದ ಪ್ರಶ್ನೆಯಲ್ಲ. ಮರಕ್ಕೆ ಬಳಸುವ ಸಾಮಾನ್ಯ ಅಂಟು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯದೆ ಬಿಳಿಚಿಕೊಂಡು ಪುಡಿಯಾಗುತ್ತದೆ. ನೀರಿನಲ್ಲಿ ಕಲೆಸಿದ ವಾರ್ನಿಷ್ ಒಮ್ಮೆ ಹೆಪ್ಪುಗಟ್ಟಿತೆಂದರೆ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಕೈಯಂತ್ರಗಳ ಲಿಥಿಯಂ ಬ್ಯಾಟರಿಗಳನ್ನು ಸೊನ್ನೆಗಿಂತ ಕೆಳಗಿನ ತಾಪದಲ್ಲಿ ಚಾರ್ಜ್ ಮಾಡುವಂತಿಲ್ಲ. ಇಂತಹ ಗ್ಯಾರೇಜಿನಿಂದ ಶಾಖ ಹೊರಹೋಗುವ ಅತಿ ದೊಡ್ಡ ದಾರಿ ಬಹುಮಟ್ಟಿಗೆ ಅದರ ಉಕ್ಕಿನ ಬಾಗಿಲೇ ಆಗಿರುತ್ತದೆ.

ಆ ಬಾಗಿಲಿಗೆ ಉಷ್ಣನಿರೋಧಕ ಹಾಕುವ ಕೆಲಸವನ್ನು ಎರಡು ರಜಾದಿನಗಳಲ್ಲಿ, ಹೆಚ್ಚು ಖರ್ಚಿಲ್ಲದೆ, ಮನೆಯವರೇ ಮಾಡಿಕೊಳ್ಳಬಹುದು. ಆದರೆ ಅಂಗಡಿಯಲ್ಲಿ ಫೋಮ್ ಹಲಗೆಗಳ ಮುಂದೆ ನಿಂತವರೆಲ್ಲ ಮೊದಲು ನೋಡುವುದು ದಪ್ಪವನ್ನು, ಪೊಟ್ಟಣದ ಮೇಲೆ ಅಚ್ಚಾದ ಅಂಕಿಯನ್ನು. ಈ ಕೆಲಸದಲ್ಲಿ ಆ ಅಂಕಿಗೆ ಇರುವ ಮಹತ್ವ ನಾವು ಭಾವಿಸುವುದಕ್ಕಿಂತ ಬಹಳ ಕಡಿಮೆ ಎಂಬುದನ್ನು ಲೆಕ್ಕದ ಸಮೇತ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಬಾಗಿಲಿನ ರಚನೆಯನ್ನು ನೋಡೋಣ. ಎರಡು ಕಾರುಗಳ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರವಿರುತ್ತದೆ. 21 ಇಂಚು ಎತ್ತರದ ನಾಲ್ಕು ಅಡ್ಡಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ, ಅಂಚುಗಳಲ್ಲಿ ಗಾಲಿ ಕೂರಿಸಿ, ಎರಡು ಬದಿಯ ಹಳಿಗಳಲ್ಲಿ ಓಡುವಂತೆ ಮಾಡಿರುತ್ತಾರೆ. ಅಗ್ಗದ ಬಾಗಿಲಿನಲ್ಲಿ ಪ್ರತಿ ಪಟ್ಟಿಯೂ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಒಂದೇ ತಗಡು. ಅದು ಬಾಗದಂತೆ ಒಳಬದಿಯಲ್ಲಿ ಮೇಲೆ ಕೆಳಗೆ ಮಡಚಿದ ಅಂಚುಗಳೂ ನಡುನಡುವೆ ನಿಲುವು ಪಟ್ಟಿಗಳೂ ಇರುತ್ತವೆ. ಉಕ್ಕು ಥರ್ಮೋಕೋಲಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ತಗಡಿನ ಸ್ವಂತ ತಡೆ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟಿಷ್ಟು ತಡೆ ಎಂದು ಇರುವುದು ತಗಡಿನ ಎರಡೂ ಮೈಗಳಿಗೆ ಅಂಟಿ ನಿಂತಿರುವ ಗಾಳಿಯ ತೆಳು ಪದರದಿಂದ ಮಾತ್ರ.

ಅಮೆರಿಕದಲ್ಲಿ ಈ ತಡೆಯನ್ನು ಆರ್-ಮೌಲ್ಯ ಎಂಬ ಅಂಕಿಯಿಂದ ಅಳೆಯುತ್ತಾರೆ; ಅಂಕಿ ಹೆಚ್ಚಿದಷ್ಟೂ ಶಾಖ ಸೋರುವುದು ಕಡಿಮೆ. ಬರಿಯ ತಗಡಿನ ಬಾಗಿಲಿಗೆ ಸಿಗುವುದು ಒಳಗಿನ ಗಾಳಿಪದರದ 0.68 ಮತ್ತು ಹೊರಗಿನ ಗಾಳಿಪದರದ 0.17, ಒಟ್ಟು 0.85. ಹೊರಗೆ ಸೊನ್ನೆಗಿಂತ 7 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು ಒಳಗೆ 15 ಡಿಗ್ರಿ ಇರಬೇಕೆಂದು ನಾವು ಬಯಸಿದರೆ, 112 ಚದರ ಅಡಿಯ ಈ ಬಾಗಿಲೊಂದರಿಂದಲೇ ಸುಮಾರು 1,500 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಮನೆಯ ಸಾಮಾನ್ಯ ಪ್ಲಗ್ಗಿಗೆ ಹಾಕುವ ಚಿಕ್ಕ ವಿದ್ಯುತ್ ಹೀಟರು ಕೊಡುವ ಗರಿಷ್ಠ ಶಾಖವೂ 1,500 ವ್ಯಾಟ್. ಅಂದರೆ ಇಡೀ ಹೀಟರು ಬಾಗಿಲೊಂದಕ್ಕೇ ದುಡಿಯುತ್ತದೆ. ಗೋಡೆ, ಚಾವಣಿ, ಕಾಂಕ್ರೀಟ್ ನೆಲಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಇದೇ ಲೆಕ್ಕದ ಪ್ರಕಾರ ಬಾಗಿಲಿನ ಒಳಮೈಯ ತಾಪ ಸೊನ್ನೆಗಿಂತ ಎರಡೂವರೆ ಡಿಗ್ರಿಯಷ್ಟು ಕೆಳಗಿರುತ್ತದೆ. ಅದರ ಎದುರು ನಿಂತವರ ಮೈಶಾಖವು ವಿಕಿರಣದ ಮೂಲಕ ಆ ತಣ್ಣನೆಯ ತಗಡಿನತ್ತ ಹರಿಯುತ್ತಲೇ ಇರುವುದರಿಂದ, ಕೋಣೆಯ ಗಾಳಿ ಸಾಕಷ್ಟು ಬೆಚ್ಚಗಿದ್ದರೂ ಬೆನ್ನಿಗೆ ಚಳಿ ತಟ್ಟುತ್ತದೆ.

ಫೋಮನ್ನು ಕೊಳ್ಳುವುದಕ್ಕೆ ಮೊದಲು ಬಾಗಿಲಿನ ಸಂದುಗಳನ್ನು ಮುಚ್ಚಬೇಕು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಾಗಿಲಿನ ಸುತ್ತಳತೆ 46 ಅಡಿ, ಅಂದರೆ 14 ಮೀಟರ್. ಸುತ್ತಲೂ ಸರಾಸರಿ 3 ಮಿಲಿಮೀಟರ್ ಸಂದು ಉಳಿದಿದೆ ಎಂದಿಟ್ಟುಕೊಂಡರೆ, ಅಷ್ಟನ್ನೂ ಒಟ್ಟುಗೂಡಿಸಿದಾಗ ಗೋಡೆಯಲ್ಲಿ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಒಂದು ರಂಧ್ರ ಕೊರೆದು ಬಿಟ್ಟಷ್ಟಾಗುತ್ತದೆ. ಗಾಳಿ ಬೀಸುವ ದಿನ ಆ ರಂಧ್ರದ ಮೂಲಕ ಹೋಗುವ ಶಾಖವನ್ನು ಎಷ್ಟು ದಪ್ಪದ ಫೋಮೂ ತಡೆಯಲಾರದು. ಹಗಲಿನಲ್ಲಿ ಒಳಗಿನ ದೀಪ ಆರಿಸಿ, ಬಾಗಿಲು ಮುಚ್ಚಿ, ಒಳಗೆ ನಿಂತು ನೋಡಿದರೆ ಬೆಳಕು ನುಸುಳುವ ಕಡೆಯೆಲ್ಲ ಗಾಳಿಯೂ ನುಸುಳುತ್ತದೆ ಎಂದು ತಿಳಿಯಬಹುದು. ಕೆಳಗಿನ ಅಂಚಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದನ್ನು ಅದು ಕೂತಿರುವ ಸೀಳಿನಿಂದ ಎಳೆದು ತೆಗೆದು ಹೊಸದನ್ನು ಸೇರಿಸಬೇಕು. ಕಾಂಕ್ರೀಟ್ ನೆಲ ಕುಸಿದು ಮಟ್ಟ ತಪ್ಪಿದ್ದರೆ ನೆಲಕ್ಕೇ ಅಂಟಿಸುವ ರಬ್ಬರಿನ ಹೊಸ್ತಿಲುಪಟ್ಟಿ ಸಿಗುತ್ತದೆ. ಎರಡು ಬದಿಗೂ ಮೇಲಕ್ಕೂ ಬಾಗಿಲಿನ ಹೊರಮೈಯನ್ನು ಮೆಲ್ಲಗೆ ಒತ್ತುವಂತೆ ವಿನೈಲ್ ನಾಲಿಗೆಯುಳ್ಳ ಪಟ್ಟಿಯನ್ನು ಚೌಕಟ್ಟಿಗೆ ಹೊಡೆಯಬೇಕು. ಅದನ್ನು ತೀರ ಬಿಗಿಯಾಗಿ ಹೊಡೆದರೆ ಚಳಿಗಾಲದಲ್ಲಿ ಬಾಗಿಲಿನ ಚಲನೆಗೇ ಅಡ್ಡಿಯಾಗುತ್ತದೆ.

ಇನ್ನು ನಿರೋಧಕದ ಆಯ್ಕೆ. ನಮಗೆಲ್ಲ ಥರ್ಮೋಕೋಲ್ ಎಂದು ಪರಿಚಿತವಾದ ಬಿಳಿಯ ಪಾಲಿಸ್ಟೈರೀನ್ ಹಲಗೆ ಇಂಚಿಗೆ ಸುಮಾರು ಆರ್-4ರಷ್ಟು ತಡೆ ಕೊಡುತ್ತದೆ. ಗುಲಾಬಿ ಅಥವಾ ನೀಲಿ ಬಣ್ಣದಲ್ಲಿ ಬರುವ, ಹೆಚ್ಚು ಗಟ್ಟಿಯಾದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಇಂಚಿಗೆ ಆರ್-5 ಕೊಡುತ್ತದೆ, ನೀರನ್ನೂ ಅಷ್ಟಾಗಿ ಹೀರುವುದಿಲ್ಲ. ಅಲ್ಯುಮಿನಿಯಂ ಹಾಳೆ ಅಂಟಿಸಿದ, ಪಾಲಿಐಸೊ ಎಂಬ ಇನ್ನೊಂದು ಬಗೆಯ ಫೋಮ್ ಹಲಗೆಯ ಪೊಟ್ಟಣದ ಮೇಲೆ ಇಂಚಿಗೆ ಆರ್-6ರ ಆಸುಪಾಸಿನ ಅಂಕಿ ಇರುತ್ತದೆ. ಆದರೆ ತಾಪ ಇಳಿದಂತೆ ಅದರ ತಡೆಯೂ ಇಳಿಯುತ್ತದೆ. ನಮಗೆ ಅತಿ ಹೆಚ್ಚು ಬೇಕಾದ ದಿನವೇ ಅದು ಕಡಿಮೆ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಬೇಕು. ಗಾಜುನಾರಿನ ಹೊದಿಕೆಯನ್ನು ಈ ಕೆಲಸಕ್ಕೆ ನಾನು ಮೆಚ್ಚುವುದಿಲ್ಲ. ದಿನಕ್ಕೆ ಹಲವು ಸಲ ಅಲುಗುತ್ತ ಏರಿಳಿಯುವ ಬಾಗಿಲಿನಲ್ಲಿ ಅದು ಕುಸಿಯಬಹುದು, ಹಿಂಬದಿಯ ಸಂದಿನಲ್ಲಿ ಗಾಳಿ ಆಡಿದರೆ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ, ನೆನೆದರೆ ಬೇಗ ಒಣಗುವುದೂ ಇಲ್ಲ.

ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿಗೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಸುರುಳಿಯ ಬಗ್ಗೆ ಬಹಳ ದೊಡ್ಡ ಮಾತುಗಳನ್ನು ಕೇಳುತ್ತೇವೆ. ಆ ಹೊಳೆಯುವ ಮೈ ವಿಕಿರಣವನ್ನು ನಿಜಕ್ಕೂ ತಡೆಯುತ್ತದೆ, ಆದರೆ ಅದರ ಎದುರು ಖಾಲಿ ಗಾಳಿಯ ಜಾಗ ಇದ್ದರೆ ಮಾತ್ರ. ತಗಡಿಗೆ ನೇರವಾಗಿ ಅಂಟಿಸಿದ ಬದಿಯಿಂದ ಏನೂ ಪ್ರಯೋಜನವಿಲ್ಲ, ಗುಳ್ಳೆಗಳ ಸ್ವಂತ ತಡೆ ಆರ್-1ರ ಸುಮಾರಿನದು. ಮರಗೆಲಸದ ದೂಳು ಕುಳಿತಂತೆ ಹೊಳಪಿನ ಗುಣವೂ ಕುಗ್ಗುತ್ತದೆ. ನಿರೋಧಕಗಳ ಆರ್-ಮೌಲ್ಯವನ್ನು ಹೇಗೆ ಅಳೆದು ಹೇಗೆ ಪ್ರಕಟಿಸಬೇಕು ಎಂಬ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲೇ ನಿಯಮ ಮಾಡಿದೆ. ಆ ಅಂಕಿ ನಿರೋಧಕದ ಹಲಗೆಯದೇ ಹೊರತು ಅದನ್ನು ಹಾಕಿಸಿಕೊಂಡ ಬಾಗಿಲಿನದಲ್ಲ ಎಂಬುದನ್ನು ಓದುವವರು ಗಮನಿಸಬೇಕು.

ಈ ವ್ಯತ್ಯಾಸವೇ ಇಡೀ ವಿಷಯದ ತಿರುಳು. ಆರ್-8 ಬರುವಷ್ಟು ಫೋಮನ್ನು ಪಟ್ಟಿಗಳ ಒಳಗೆ ಕೂರಿಸಿದಿರಿ ಎಂದುಕೊಳ್ಳಿ. ಮಡಚಿದ ಅಂಚುಗಳು, ನಿಲುವು ಪಟ್ಟಿಗಳು ಸೇರಿ ಬಾಗಿಲಿನ ಹತ್ತರಲ್ಲಿ ಒಂದು ಭಾಗ ಬರಿಯ ಉಕ್ಕಾಗಿಯೇ ಉಳಿಯಿತು ಎಂದೂ ಇಟ್ಟುಕೊಳ್ಳಿ. ಆಗ ಇಡೀ ಬಾಗಿಲಿನ ಸರಾಸರಿ ತಡೆ ಆರ್-8 ಆಗುವುದಿಲ್ಲ, ಆರ್-4.3ರ ಹತ್ತಿರ ನಿಲ್ಲುತ್ತದೆ. 1,500 ವ್ಯಾಟ್ ಸೋರುತ್ತಿದ್ದದ್ದು ಸುಮಾರು 300 ವ್ಯಾಟ್‌ಗೆ ಇಳಿಯುತ್ತದೆ. ಇದು ದೊಡ್ಡ ಗೆಲುವೇ ಸರಿ. ಆದರೆ ಆ 300ರಲ್ಲಿ ಅರ್ಧಕ್ಕೂ ತುಸು ಹೆಚ್ಚು ಶಾಖ ಹೋಗುತ್ತಿರುವುದು ಮುಚ್ಚದೆ ಬಿಟ್ಟ ಹತ್ತನೆಯ ಒಂದು ಭಾಗದ ಉಕ್ಕಿನ ಮೂಲಕ. ಈಗ ಹಣವಿದೆ ಎಂದು ಫೋಮಿನ ತಡೆಯನ್ನು ಆರ್-16ಕ್ಕೆ ಏರಿಸಿದರೆ ಸೋರಿಕೆ 230 ವ್ಯಾಟ್‌ಗೆ ಇಳಿದೀತು. ಅದರ ಬದಲು ಮೊದಲಿನ ಆರ್-8 ಫೋಮನ್ನೇ ಉಳಿಸಿಕೊಂಡು, ಬರಿದಾದ ಉಕ್ಕಿನ ಮೇಲೆ ಅರ್ಧ ಇಂಚಿನ ಫೋಮ್ ಪಟ್ಟಿಗಳನ್ನು ಅಂಟಿಸಿದರೆ ಸೋರಿಕೆ 200 ವ್ಯಾಟ್‌ಗೂ ಕೆಳಗೆ ಬರುತ್ತದೆ. ಅಗ್ಗದ ತೆಳುಪಟ್ಟಿ ದುಬಾರಿಯ ದಪ್ಪ ಹಲಗೆಯನ್ನು ಮೀರಿಸುತ್ತದೆ. ಕೀಲು, ಗಾಲಿಗಳ ಬಳಿಯೂ ಬಾಗಿಲಿನ ಅಡ್ಡಪಟ್ಟಿಗಳು ಕೂಡಿ ಮಡಚಿಕೊಳ್ಳುವ ಸಂದಿನಲ್ಲೂ ಇದನ್ನು ಅಂಟಿಸಲಾಗದು. ಹಾಗಾಗಿ ಪೂರ್ತಿ ಲಾಭ ಸಿಗುವುದಿಲ್ಲ. ಸಿಕ್ಕುವಷ್ಟನ್ನೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಡುಚಳಿಯ ಬೆಳಗ್ಗೆ ಬಾಗಿಲನ್ನು ಒಳಗಿನಿಂದ ನೋಡಿದರೆ ಫೋಮಿನ ಮೈ ಒಣಗಿದ್ದು, ನಿಲುವು ಪಟ್ಟಿಗಳ ಉದ್ದಕ್ಕೂ ಬೆರಳಗಲದ ಬಿಳಿಯ ಹಿಮದ ಗೆರೆ ಕಟ್ಟಿರುವುದು ಕಾಣುತ್ತದೆ. ಎಲ್ಲಿ ಪಟ್ಟಿ ಅಂಟಿಸಬೇಕೆಂಬುದನ್ನು ಆ ಗೆರೆಯೇ ತೋರಿಸಿಕೊಡುತ್ತದೆ.

ಹಲಗೆಯನ್ನು ಕತ್ತರಿಸಿ ಕೂರಿಸುವುದರಲ್ಲಿ ತಾಳ್ಮೆ ಬೇಕು. ನಿಲುವು ಪಟ್ಟಿಗಳ ನಡುವಿನ ಪ್ರತಿ ಖಾನೆಯ ಅಳತೆಯನ್ನೂ ಬೇರೆಬೇರೆಯಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಒಂದೇ ಬಾಗಿಲಿನ ಖಾನೆಗಳೂ ಒಂದಕ್ಕೊಂದು ಕೆಲವು ಮಿಲಿಮೀಟರ್ ವ್ಯತ್ಯಾಸವಾಗಿರುತ್ತವೆ. ಹಲಗೆಯನ್ನು ಮಡಚಿದ ಅಂಚಿನ ಹಿಂದಕ್ಕೆ ಸೇರುವಷ್ಟು ಉದ್ದವಾಗಿ ಕತ್ತರಿಸಿ, ಮಧ್ಯದಲ್ಲಿ ಮೆಲ್ಲಗೆ ಬಗ್ಗಿಸಿ, ಮೊದಲು ಮೇಲಿನ ಅಂಚನ್ನು ತೂರಿಸಿ ಆಮೇಲೆ ಕೆಳಗಿನದನ್ನು ಒತ್ತಿದರೆ ಅದು ತನ್ನ ಬಲದಿಂದಲೇ ಬಿಗಿಯಾಗಿ ನಿಲ್ಲುತ್ತದೆ. ಬಗ್ಗದಷ್ಟು ಗಟ್ಟಿಯಾದ ಹಲಗೆಯ ಒಳಮೈಯಲ್ಲಿ, ಅಂದರೆ ಕೋಣೆಯ ಕಡೆಗೆ ಬರುವ ಮೈಯಲ್ಲಿ, ಉದ್ದಕ್ಕೆ ಒಂದು ಗೀರು ಕೊಯ್ದುಕೊಂಡರೆ ಅದು ಆ ಗೀರಿನಲ್ಲಿ ಬಾಗುತ್ತದೆ. ಕೂರಿಸಿದ ಮೇಲೆ ಗೀರನ್ನು ಟೇಪಿನಿಂದ ಮುಚ್ಚಬೇಕು. ಕತ್ತರಿಸಲು ಉದ್ದ ಅಲಗಿನ, ಹೊಚ್ಚ ಹೊಸ ಬ್ಲೇಡಿನ ಚಾಕು ಬೇಕು. ಮೊಂಡಾದ ಬ್ಲೇಡು ಥರ್ಮೋಕೋಲನ್ನು ಕೊಯ್ಯುವ ಬದಲು ಕಾಳುಕಾಳಾಗಿ ಕಿತ್ತು, ಅಂಚನ್ನು ಹಾಳುಮಾಡುತ್ತದೆ. ಅಂಟು ಬಳಸುವುದಾದರೆ ಪಾಲಿಸ್ಟೈರೀನಿಗೆ ಹೊಂದುವುದೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು, ಏಕೆಂದರೆ ಸಾಲ್ವೆಂಟ್ ಇರುವ ಅನೇಕ ಅಂಟುಗಳು ಈ ಫೋಮನ್ನು ಕರಗಿಸಿಬಿಡುತ್ತವೆ.

ಬಿಗಿ ಏಕೆ ಮುಖ್ಯ ಎಂಬುದಕ್ಕೆ ತೇವವು ಇನ್ನೊಂದು ಕಾರಣ. 15 ಡಿಗ್ರಿ ತಾಪವೂ ಶೇಕಡ 50ರ ಆರ್ದ್ರತೆಯೂ ಇರುವ ಗಾಳಿ ಸುಮಾರು 5 ಡಿಗ್ರಿಯ ಮೈಯನ್ನು ತಾಕಿದೊಡನೆ ನೀರು ಬಿಡತೊಡಗುತ್ತದೆ. ಫೋಮ್ ಹಾಕಿದ ಮೇಲೆ ಒಳಗಿನ ಶಾಖ ತಗಡನ್ನು ಮುಟ್ಟುವುದಿಲ್ಲವಾದ್ದರಿಂದ ತಗಡು ಮೊದಲಿಗಿಂತಲೂ ತಣ್ಣಗಾಗುತ್ತದೆ. ಫೋಮಿನ ಅಂಚಿನ ಸಂದಿನಿಂದ ಒಳಗಾಳಿ ಹಿಂದಕ್ಕೆ ನುಸುಳಿದರೆ, ಕಣ್ಣಿಗೆ ಕಾಣದ ಆ ಜಾಗದಲ್ಲಿ ನೀರು ಕಟ್ಟಿ, ಹೆಪ್ಪುಗಟ್ಟಿ, ಮತ್ತೆ ಕರಗಿ, ಬಾಗಿಲನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆದ್ದರಿಂದ ಫೋಮಿಗೂ ಉಕ್ಕಿಗೂ ನಡುವಿನ ಎಲ್ಲ ಅಂಚುಗಳನ್ನೂ ಅಲ್ಯುಮಿನಿಯಂ ಟೇಪಿನಿಂದ ಮುಚ್ಚಬೇಕು. ಕೆಳಪಟ್ಟಿಯ ತಳದಲ್ಲಿ ತಯಾರಕರು ನೀರು ಇಳಿದುಹೋಗಲೆಂದು ಬಿಟ್ಟ ತೂತುಗಳನ್ನು ಮಾತ್ರ ಮುಚ್ಚಬಾರದು.

ತೇವ ಎಲ್ಲಿಂದ ಬರುತ್ತದೆ ಎಂದು ಕೇಳುವವರು ತಮ್ಮ ಹೀಟರಿನ ಕಡೆ ನೋಡಬೇಕು. ಹೊಗೆಕೊಳವೆಯಿಲ್ಲದ ಪ್ರೋಪೇನ್ ಹೀಟರಿನಲ್ಲಿ ಒಂದು ಕಿಲೋ ಅನಿಲ ಉರಿದರೆ 1.6 ಕಿಲೋಗೂ ಹೆಚ್ಚು ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಆ ನೀರು ಬಾಗಿಲಿನ ಮೇಲಷ್ಟೇ ಅಲ್ಲ, ತಣ್ಣಗಿರುವ ಎರಕದ ಕಬ್ಬಿಣದ ಗರಗಸದ ಮೇಜಿನ ಮೇಲೂ ಕುಳಿತು ತುಕ್ಕಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಕಾರ್ಬನ್ ಮೊನಾಕ್ಸೈಡ್. ಸಂದುಗಳನ್ನೆಲ್ಲ ಮುಚ್ಚಿದ ಗ್ಯಾರೇಜಿನಲ್ಲಿ ಈ ವಿಷಾನಿಲ ಮೊದಲಿನಷ್ಟು ಸುಲಭವಾಗಿ ಹೊರಹೋಗದು. ಆದ್ದರಿಂದ ಇಂತಹ ಕೋಣೆಗೆ ವಿದ್ಯುತ್ ಹೀಟರು ಅಥವಾ ಹೊಗೆಯನ್ನು ಹೊರಕ್ಕೊಯ್ಯುವ ಕೊಳವೆಯುಳ್ಳ ಹೀಟರು ಮಾತ್ರ ತಕ್ಕದ್ದು. ಕಾರನ್ನು ಒಳಗೆ ಚಾಲೂ ಮಾಡಿ ನಿಲ್ಲಿಸಲೇಬಾರದು, ಮನೆಗೆ ತೆರೆಯುವ ಬಾಗಿಲಿನ ಸಂದುಗಳನ್ನೂ ಅಷ್ಟೇ ಕಾಳಜಿಯಿಂದ ಮುಚ್ಚಬೇಕು, ವಿಷಾನಿಲದ ಎಚ್ಚರಿಕೆಗಂಟೆ ಮನೆಯೊಳಗೆ ಇರಲೇಬೇಕು.

ಗೋಡೆಗೆ ನಿರೋಧಕ ಹಾಕಿದವರಿಗೆ ಎದುರಾಗದ ಒಂದು ತೊಡಕು ಬಾಗಿಲಿನಲ್ಲಿದೆ, ಅದು ತೂಕ. ಬಾಗಿಲನ್ನು ನಿಜವಾಗಿ ಎತ್ತುವುದು ಮೇಲಿನ ಮೋಟಾರಲ್ಲ, ಬಾಗಿಲಿನ ತಲೆಯ ಮೇಲೆ ಅಡ್ಡದಂಡಕ್ಕೆ ತಿರುಚಿ ಕಟ್ಟಿರುವ ಸ್ಪ್ರಿಂಗ್‌ಗಳು. ಬಾಗಿಲಿನ ತೂಕಕ್ಕೆ ಸರಿಸಮನಾಗಿ ಅವನ್ನು ಆರಿಸಿರುತ್ತಾರೆ. ಒಂದೂವರೆ ಇಂಚಿನ ಥರ್ಮೋಕೋಲ್ ಇಡೀ ಬಾಗಿಲಿಗೆ ಸುಮಾರು 6 ಕಿಲೋ ಸೇರಿಸುತ್ತದೆ, ಅಷ್ಟೇ ದಪ್ಪದ ಗಟ್ಟಿ ಪಾಲಿಸ್ಟೈರೀನ್ 11 ಕಿಲೋದಷ್ಟು. ಫೋಮಿನ ಮೇಲೆ ಅಂದಕ್ಕೆಂದು 6 ಮಿಲಿಮೀಟರ್ ಪ್ಲೈವುಡ್ ಹೊಡೆದರೆ ಅದೊಂದೇ 35 ಕಿಲೋ ಮೀರುತ್ತದೆ. ಮರಗೆಲಸ ಬಲ್ಲವರಿಗೆ ಪ್ಲೈವುಡ್ಡಿನ ಆಸೆ ಸಹಜವಾದರೂ ಇಲ್ಲಿ ಅದನ್ನು ಬಿಡಬೇಕು.

ಕೆಲಸಕ್ಕೆ ಮೊದಲೂ ಆಮೇಲೂ ಬಾಗಿಲಿನ ಸಮತೋಲವನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಬಾಗಿಲನ್ನು ಪೂರ್ತಿ ಮುಚ್ಚಿ, ಮೋಟಾರಿನಿಂದ ಜೋತುಬಿದ್ದ ಕೆಂಪು ಹಗ್ಗವನ್ನು ಎಳೆದು ಮೋಟಾರಿನ ಕೊಂಡಿ ಬಿಡಿಸಿ, ಕೈಯಿಂದ ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿ ಮೆಲ್ಲಗೆ ಬಿಡಬೇಕು. ಅದು ಅಲ್ಲೇ ನಿಂತರೆ ಸರಿಯಿದೆ. ಕೆಳಗೆ ಜಾರಿದರೆ ಸ್ಪ್ರಿಂಗ್‌ಗೆ ಬಿಗಿ ಸಾಲದು, ತೂಕ ಹೆಚ್ಚಾಗಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕಾಗಬಹುದು. ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ, ಬಲ್ಲ ಕೆಲಸಗಾರರನ್ನೇ ಕರೆಯಿಸಿ. ತಿರುಚಿದ ಸ್ಪ್ರಿಂಗ್‌ನಲ್ಲಿ ಅಡಗಿರುವ ಬಲ ಒಮ್ಮೆಲೇ ಬಿಡುಗಡೆಯಾದರೆ ಕೈ ಮುರಿಯುತ್ತದೆ, ಪ್ರಾಣಕ್ಕೂ ಅಪಾಯ. ಭಾರವಾದ ಬಾಗಿಲನ್ನು ಎತ್ತಿಸಲೆಂದು ಮೋಟಾರಿನ ಬಲವನ್ನು ಏರಿಸುವುದೂ ತಪ್ಪು. ಅಮೆರಿಕದಲ್ಲಿ 1993ರ ಜನವರಿಯಿಂದ ತಯಾರಾದ ಮನೆಬಳಕೆಯ ಸ್ವಯಂಚಾಲಿತ ಮೋಟಾರುಗಳಿಗೆ, ಕೆಳಗೆ ಸಿಕ್ಕಿಕೊಂಡವರನ್ನು ಉಳಿಸುವ ಸುರಕ್ಷತಾ ವ್ಯವಸ್ಥೆ ಕಡ್ಡಾಯವಾಗಿದೆ. ಮಕ್ಕಳು ಬಾಗಿಲಿನ ಕೆಳಗೆ ಸಿಲುಕಿ ಸತ್ತ ಪ್ರಕರಣಗಳೇ ಆ ಕಾನೂನಿಗೆ ಕಾರಣ. ಬಲವನ್ನು ಏರಿಸಿದರೆ ಬಾಗಿಲು ಅಡ್ಡಿಯನ್ನು ತಾಕಿದಾಗ ಹಿಂದೆ ಸರಿಯುವ ಗುಣ ಮಂದವಾಗುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲೆ ಅಡ್ಡಲಾಗಿಟ್ಟು, ಬಾಗಿಲು ಅದನ್ನು ಮುಟ್ಟಿದ ಕೂಡಲೇ ಮೇಲಕ್ಕೆ ಹೋಗುತ್ತದೆಯೇ ಎಂದು ನೋಡಲೇಬೇಕು.

ಬೆಂಕಿಯ ವಿಚಾರವೂ ಇದೆ. ಈ ಫೋಮುಗಳೆಲ್ಲ ಉರಿಯುವಂಥವು, ಉರಿದಾಗ ದಟ್ಟವಾದ ವಿಷದ ಹೊಗೆ ಬಿಡುವಂಥವು. ಗ್ರೈಂಡರಿನ ಕಿಡಿ, ವೆಲ್ಡಿಂಗ್, ಹತ್ತಿರದಲ್ಲಿಟ್ಟ ಹೀಟರು ಇರುವ ಕೋಣೆಯಲ್ಲಿ ಬೆತ್ತಲೆ ಪಾಲಿಸ್ಟೈರೀನನ್ನು ಬಿಡುವುದು ಸಲ್ಲದು. ಗೋಡೆಯಾದರೆ ಜಿಪ್ಸಂ ಹಲಗೆ ಹೊಡೆದು ಮುಚ್ಚಬಹುದು, ಬಾಗಿಲಿಗೆ ಅದರ ತೂಕ ತಡೆಯದು. ಹಾಗಾಗಿ ಬಾಗಿಲಿಗೆಂದೇ ಪರೀಕ್ಷಿಸಿ ಮಾರುವ, ಹೊದಿಕೆಯುಳ್ಳ ಹಲಗೆಗಳ ಸೆಟ್ಟನ್ನು ಕೊಳ್ಳುವುದು ಒಳ್ಳೆಯದು. ನಿಮ್ಮ ಊರಿನ ಕಟ್ಟಡ ನಿಯಮ ಏನು ಹೇಳುತ್ತದೆ ಎಂದು ಕೇಳಿ ತಿಳಿಯುವುದೂ ಅಗತ್ಯ.

ಟೆಕ್ಸಸ್, ಅರಿಜೋನದಲ್ಲಿರುವವರ ಸಮಸ್ಯೆ ಇದರ ಇನ್ನೊಂದು ಮಗ್ಗುಲು. ಪಡುವಣ ಬಿಸಿಲಿಗೆ ಮುಖಮಾಡಿದ ಕಡುಬಣ್ಣದ ಉಕ್ಕು 60 ಡಿಗ್ರಿಗೆ ಕಾಯ್ದಿದ್ದು ಒಳಗಿನ ವಸ್ತುಗಳು 30 ಡಿಗ್ರಿಯಲ್ಲಿದ್ದರೆ, ಚದರ ಮೀಟರಿಗೆ 200 ವ್ಯಾಟ್‌ನಷ್ಟು ಶಾಖ ವಿಕಿರಣದಿಂದಲೇ ಒಳಬರುತ್ತದೆ. ಇಲ್ಲಿ ಅಲ್ಯುಮಿನಿಯಂ ಹಾಳೆ ಇರುವ ಹಲಗೆ, ಹಾಳೆಯ ಎದುರು ಗಾಳಿಯ ಜಾಗ ಇರುವಂತೆ ಕೂರಿಸಿದರೆ, ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಹೊರಗೆ ತಿಳಿಬಣ್ಣ ಬಳಿಯುವುದು ಅದಕ್ಕಿಂತ ಅಗ್ಗದ ಮದ್ದು. ಫೋಮ್ ಹಾಕಿದ ಮೇಲೆ ತಗಡಿನ ಬಿಸಿ ಒಳಕ್ಕೆ ಹರಿಯಲಾರದೆ ಹೊರಮೈ ಇನ್ನಷ್ಟು ಕಾಯುತ್ತದೆ. ಕಡುಬಣ್ಣದ ಬಾಗಿಲಾದರೆ ಪಟ್ಟಿಗಳು ಬಿಲ್ಲಿನಂತೆ ಬಾಗುವುದೂ, 75 ಡಿಗ್ರಿಯ ಸುಮಾರಿಗೆ ಪಾಲಿಸ್ಟೈರೀನ್ ಮೆತ್ತಗಾಗುವುದೂ ಸಾಧ್ಯ.

ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕೆಲಸ ಮಾಡುವ ನಮ್ಮ ಬಡಗಿಗಳ, ಮೆಕ್ಯಾನಿಕ್‌ಗಳ ಅಂಗಡಿಗೂ ಈ ವಿಕಿರಣದ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ. ಆದರೆ ಅಲ್ಲಿರುವುದು ಸುತ್ತಿಕೊಳ್ಳುವ ರೋಲಿಂಗ್ ಶಟರ್. ಅದರ ಕಿರುಪಟ್ಟಿಗಳಿಗೆ ಫೋಮ್ ಅಂಟಿಸಿದರೆ ಮೇಲಿನ ಡಬ್ಬಿಯೊಳಗೆ ಸುತ್ತಿಕೊಳ್ಳಲಾರದು. ಶಟರಿನ ಹೊರಮೈಗೆ ಬಿಳಿಬಣ್ಣ ಬಳಿದು, ಒಳಗೆ ಒಂದು ಗೇಣು ಬಿಟ್ಟು ದಪ್ಪ ಪರದೆಯನ್ನೋ ಹಗುರವಾದ ಎರಡನೆಯ ಬಾಗಿಲನ್ನೋ ಹಾಕಿಕೊಳ್ಳುವುದೇ ಅಲ್ಲಿ ನಡೆಯುವ ದಾರಿ.

ಹಳೆಯ ಬಾಗಿಲನ್ನು ಉಳಿಸಿಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ ಎಂಬುದು ಅದರ ಸ್ಥಿತಿಯನ್ನು ಅವಲಂಬಿಸಿದೆ. ಪಟ್ಟಿಗಳು ನೆಟ್ಟಗಿದ್ದು, ಕೆಳಪಟ್ಟಿಗೆ ತುಕ್ಕು ಹಿಡಿಯದೆ, ಸಮತೋಲ ಸರಿಯಾಗಿದ್ದರೆ ಮೇಲೆ ಹೇಳಿದ ಕೆಲಸ ಸಾಕು. ಪಟ್ಟಿಗಳು ತಿರುಚಿಕೊಂಡು ಸಂದು ಬಿಟ್ಟಿದ್ದರೆ ಫೋಮಿಗೆ ಹಣ ಸುರಿಯದೆ, ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ತುಂಬಿದ ಹೊಸ ಬಾಗಿಲನ್ನು ಕೊಳ್ಳುವುದೇ ಮೇಲು; ಅದರ ತೂಕಕ್ಕೆ ಹೊಂದುವ ಸ್ಪ್ರಿಂಗ್‌ಗಳನ್ನೂ ಜೊತೆಗೇ ಕೂರಿಸಿಕೊಡುತ್ತಾರೆ. ಕೊಳ್ಳುವಾಗ ಪಟ್ಟಿಯ ನಡುಭಾಗದ ಆರ್-ಮೌಲ್ಯವನ್ನಷ್ಟೇ ಕೇಳಬೇಡಿ. ಒಳತಗಡು ಹೊರತಗಡಿಗೆ ಅಂಚಿನಲ್ಲಿ ತಾಗದಂತೆ ನಡುವೆ ಶಾಖ ಹರಿಯದ ಪಟ್ಟಿಯಿದೆಯೇ, ಪಟ್ಟಿ ಪಟ್ಟಿಗಳ ನಡುವೆ ರಬ್ಬರಿನ ಮುಚ್ಚಿಗೆಯಿದೆಯೇ, ಇಡೀ ಬಾಗಿಲನ್ನು ಜೋಡಿಸಿ ಅಳೆದ ಅಂಕಿ ಏನು ಎಂದು ಕೇಳಿ. ಆ ಅಂಕಿಯನ್ನು ಕೊಡಬಲ್ಲ ಮಾರಾಟಗಾರರಿಂದಲೇ ಕೊಳ್ಳಿ.